ಹದಿಹರೆಯದ ಮಕ್ಕಳ ಮಾನಸಿಕ ಒತ್ತಡ: ಊರು ಮಾಡಬಹುದಾದ ಉಪಚಾರ

ಪಾಲಕರೇ, ಶಿಕ್ಷಕರೇ, ಊರಿನ ಹಿರಿಯರೇ,

ಮಗುವಿಗೆ ಜ್ವರ ಬಂದರೆ ನೀವು ತಡಮಾಡದೆ ಆಸ್ಪತ್ರೆಗೆ ಕರೆತರುತ್ತೀರಿ. ಕಾಲು ಮುರಿದರೆ ನಡುರಾತ್ರಿಯಲ್ಲಿಯೂ ಗಾಡಿ ಮಾಡಿಕೊಂಡು ಬರುತ್ತೀರಿ. ಆದರೆ ಹದಿನೈದು ವರ್ಷದ ಮಗ ಊಟ ಬಿಟ್ಟು ಮೂಲೆ ಹಿಡಿದು ಕುಳಿತರೆ ಅದನ್ನು ಸೊಕ್ಕು ಎನ್ನುತ್ತೇವೆ. ಹದಿನಾರು ವರ್ಷದ ಮಗಳು ದಿನವೂ ತಲೆನೋವು ಎಂದರೆ ಶಾಲೆ ತಪ್ಪಿಸುವ ನೆವ ಎನ್ನುತ್ತೇವೆ. ದೇಹದ ನೋವನ್ನು ನಂಬುವ ನಾವು ಮನಸ್ಸಿನ ನೋವನ್ನು ನಂಬುವುದಿಲ್ಲ. ಹದಿಹರೆಯದ ಮಕ್ಕಳಿಗೆ ಬರುವ ಒತ್ತಡ ಎಂತಹುದು, ಅದನ್ನು ಗುರುತಿಸುವುದು ಹೇಗೆ, ಇಂಗಳೇಶ್ವರದಂತಹ ಊರು ಒಟ್ಟಾಗಿ ಏನು ಮಾಡಬಹುದು ಎಂಬುದನ್ನು ಇಲ್ಲಿ ತಿಳಿಸಲಾಗಿದೆ. ಓದು ಬಾರದವರಿಗೆ ಮನೆಯಲ್ಲಿ ಓದಿ ಹೇಳಿರಿ.

ಒತ್ತಡ ಎಂದರೇನು?

ಅಪಾಯ ಎದುರಾದಾಗ ಶರೀರವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಎದೆ ಬಡಿತ ಹೆಚ್ಚುತ್ತದೆ, ಉಸಿರು ವೇಗವಾಗುತ್ತದೆ, ಮೈ ಬಿಗಿಯುತ್ತದೆ. ಹೊಲದಲ್ಲಿ ಹಾವು ಕಂಡಾಗ ನಮ್ಮನ್ನು ಉಳಿಸುವುದು ಇದೇ ಶಕ್ತಿ. ಹಾವು ಸರಿದುಹೋದ ಮೇಲೆ ಮೈ ತಣ್ಣಗಾಗುತ್ತದೆ. ಆದರೆ ಸಾಲದ ಚಿಂತೆ, ಪರೀಕ್ಷೆಯ ಹೆದರಿಕೆ, ಮನೆಯ ಜಗಳ ಇವು ಸರಿದುಹೋಗುವ ಹಾವುಗಳಲ್ಲ. ಅವು ದಿನವೂ ಇರುತ್ತವೆ. ಆಗ ಶರೀರಕ್ಕೆ ತಣ್ಣಗಾಗಲು ಬಿಡುವೇ ಸಿಗದೆ ನಿದ್ರೆ, ಹಸಿವು, ನೆನಪು, ಸಿಟ್ಟು ಎಲ್ಲವೂ ಕೆಡುತ್ತವೆ.

ಹದಿಹರೆಯದಲ್ಲಿ ಇದರ ಪೆಟ್ಟು ಹೆಚ್ಚು. ಮುಂದಿನದನ್ನು ಯೋಚಿಸಿ ತೂಗಿ ನೋಡುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯುವುದು ಇಪ್ಪತ್ತೈದರ ಸುಮಾರಿಗೆ. ಭಾವನೆಯ ಭಾಗ ಅದಕ್ಕಿಂತ ಮೊದಲೇ ಬಲಿತಿರುತ್ತದೆ. ಆದ್ದರಿಂದ ದೊಡ್ಡವರಿಗೆ ಚಿಕ್ಕದಾಗಿ ಕಾಣುವ ಅವಮಾನ ಈ ವಯಸ್ಸಿನವರಿಗೆ ಬೆಟ್ಟದಷ್ಟು ಆಗಬಹುದು.

ಇದು ಪಟ್ಟಣದ ಕಾಯಿಲೆ, ಹಳ್ಳಿಯ ಮಕ್ಕಳಿಗಿಲ್ಲ ಎಂಬ ಮಾತು ಸರಿಯಲ್ಲ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತು. ಮಹಾನಗರಗಳಲ್ಲಿ ಈ ಪ್ರಮಾಣ ಹೆಚ್ಚು, ಹಳ್ಳಿಗಳಲ್ಲಿ ಶೇಕಡಾ 6.9. ಅಂದರೆ ನೂರು ಮಕ್ಕಳಿರುವ ಪ್ರೌಢಶಾಲೆಯಲ್ಲಿ ಸುಮಾರು ಏಳು ಮಕ್ಕಳು. ಅವರಲ್ಲಿ ಎಷ್ಟು ಮಂದಿ ನಮ್ಮ ಕಣ್ಣಿಗೆ ಬಿದ್ದಿದ್ದಾರೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ನಮ್ಮ ಭಾಗದ ಮಕ್ಕಳ ಹೆಗಲ ಮೇಲಿನ ಭಾರ

ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಮಕ್ಕಳ ಒತ್ತಡಕ್ಕೆ ನಮ್ಮ ನೆಲದ ಕಾರಣಗಳೇ ಇವೆ.

ಮೊದಲನೆಯದು ಮಳೆ. 2023ರ ಬರದಂತಹ ವರ್ಷದಲ್ಲಿ ತೊಗರಿ, ಜೋಳ ಕೈಕೊಟ್ಟರೆ ಸಾಲದ ಮಾತು ಮನೆಯ ಊಟದ ಹೊತ್ತಿನಲ್ಲೇ ನಡೆಯುತ್ತದೆ. ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಆದರೆ ಏನೂ ಹೇಳುವುದಿಲ್ಲ.

ಎರಡನೆಯದು ಗುಳೆ. ತಂದೆ-ತಾಯಿ ಗೋವಾಕ್ಕೋ ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಹೋದಾಗ ಅಜ್ಜಿಯ ಜೊತೆ ಉಳಿಯುವ ಹುಡುಗಿ ತಮ್ಮ-ತಂಗಿಯರಿಗೆ ತಾಯಿಯಾಗುತ್ತಾಳೆ. ರೊಟ್ಟಿ ಬಡಿದು, ನೀರು ತಂದು, ಆಮೇಲೆ ಶಾಲೆಗೆ ಹೋಗುತ್ತಾಳೆ.

ಮೂರನೆಯದು ಪರೀಕ್ಷೆ. ನಮ್ಮ ಜಿಲ್ಲೆಯಲ್ಲಿ ನವೋದಯ, ಸೈನಿಕ ಶಾಲೆ, ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗಳಿಗಾಗಿ ಹತ್ತು-ಹನ್ನೊಂದು ವರ್ಷಕ್ಕೇ ಓಟ ಶುರುವಾಗುತ್ತದೆ. ಅಲ್ಲಿ ಸೀಟು ಸಿಗದ ಮಗು "ನಾನು ದಡ್ಡ" ಎಂಬ ಮುದ್ರೆ ಹೊತ್ತುಕೊಂಡೇ ಎಸ್.ಎಸ್.ಎಲ್.ಸಿ. ತಲುಪುತ್ತದೆ.

ನಾಲ್ಕನೆಯದು ಹೆಣ್ಣುಮಕ್ಕಳ ಮದುವೆಯ ಮಾತು. ಹತ್ತನೆಯ ತರಗತಿ ಮುಗಿಯುವ ಮೊದಲೇ ವರನ ಕಡೆಯವರು ಬಂದು ಹೋದರೆ ಆ ಹುಡುಗಿಗೆ ಪುಸ್ತಕ ತೆರೆಯುವ ಮನಸ್ಸು ಎಲ್ಲಿಂದ ಬರಬೇಕು? ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ಅವಳ ಮನಸ್ಸಿಗೂ ದೇಹಕ್ಕೂ ಅದು ಹಾನಿ.

ಐದನೆಯದು ಮೊಬೈಲ್. ರಾತ್ರಿ ಹನ್ನೆರಡರವರೆಗೆ ಪರದೆ ನೋಡುವ ಮಗುವಿಗೆ ನಿದ್ರೆ ಸಾಲುವುದಿಲ್ಲ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು.

ಗುರುತಿಸುವುದು ಹೇಗೆ?

ಹಳ್ಳಿಯ ಮಕ್ಕಳು "ನನಗೆ ಒತ್ತಡವಾಗಿದೆ" ಎಂದು ಹೇಳುವುದಿಲ್ಲ. "ತಲೆ ನೋಯುತ್ತದೆ", "ಹೊಟ್ಟೆಯಲ್ಲಿ ಸಂಕಟ", "ಎದೆ ಡವಗುಡುತ್ತದೆ", "ಕೈಕಾಲಲ್ಲಿ ಕಸುವಿಲ್ಲ" ಎನ್ನುತ್ತಾರೆ. ಕೆಳಗಿನವುಗಳಲ್ಲಿ ಕೆಲವಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ಗಮನಿಸಿರಿ:

1. ನಿದ್ರೆ ಬಾರದಿರುವುದು, ಇಲ್ಲವೇ ಸದಾ ಮಲಗಿರುವುದು.
2. ಊಟ ಸೇರದಿರುವುದು, ತೂಕ ಇಳಿಯುವುದು.
3. ಗೆಳೆಯರನ್ನು, ಇಷ್ಟದ ಆಟವನ್ನು ಬಿಡುವುದು.
4. ಸಣ್ಣ ಮಾತಿಗೂ ಸಿಟ್ಟು, ಅಳು.
5. ಶಾಲೆಗೆ ಹೋಗಲು ಒಲ್ಲೆ ಎನ್ನುವುದು, ಅಂಕ ಏಕಾಏಕಿ ಕುಸಿಯುವುದು.
6. ಗುಟಕಾ, ಮದ್ಯದ ಚಟಕ್ಕೆ ಬೀಳುವುದು.
7. "ನಾನಿದ್ದು ಏನು ಪ್ರಯೋಜನ" ಎಂಬ ಮಾತು. ಇದು ಬಂದರೆ ಎರಡು ವಾರ ಕಾಯಬಾರದು, ಆ ದಿನವೇ ಸಹಾಯ ಪಡೆಯಬೇಕು.

ಒಂದು ಮುಖ್ಯ ಸೂಚನೆ. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವ ಮೊದಲು ದೇಹವನ್ನು ಪರೀಕ್ಷಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೂ ಸುಸ್ತು, ತಲೆಸುತ್ತು, ಓದಿನಲ್ಲಿ ನಿರಾಸಕ್ತಿ ಬರುತ್ತವೆ. ಥೈರಾಯ್ಡ್ ತೊಂದರೆಯಲ್ಲೂ ಹೀಗೆಯೇ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಎಸೆಯದೆ ನುಂಗುವಂತೆ ನೋಡಿಕೊಳ್ಳಿರಿ.

ಊರಿನ ಕೆಲಸ ಹೇಗೆ ಮದ್ದಾಗುತ್ತದೆ?

ಒತ್ತಡದಲ್ಲಿರುವ ಮಗುವಿಗೆ ನಾವು ಸಾಮಾನ್ಯವಾಗಿ ಎರಡನ್ನು ಕೊಡುತ್ತೇವೆ: ಬುದ್ಧಿಮಾತು, ಇಲ್ಲವೇ ಬೈಗುಳ. ಎರಡರಲ್ಲಿಯೂ ಮಗು ಕೇಳುವವನಾಗಿಯೇ ಉಳಿಯುತ್ತದೆ. ಅದಕ್ಕೆ ನಿಜವಾಗಿ ಬೇಕಾದದ್ದು ತಾನು ಯಾರಿಗಾದರೂ ಬೇಕಾದವನು ಎಂಬ ಅನುಭವ. ಆ ಅನುಭವವನ್ನು ಮನೆಯೊಂದೇ ಕೊಡಲಾರದು, ಊರು ಕೊಡಬಲ್ಲದು.

ನಾಲ್ಕು ಜನ ಸೇರಿ ಮಾಡುವ ಕೆಲಸದಲ್ಲಿ ನಾಲ್ಕು ಗುಣಗಳಿವೆ. ಮೈ ಆಡುತ್ತದೆ, ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೆಳೆತನ ಸಿಗುತ್ತದೆ. ಅಂಕಪಟ್ಟಿಯ ಹೊರಗೆ ಒಂದು ಹೆಸರು ಸಿಗುತ್ತದೆ: ಗಣಿತದಲ್ಲಿ ಹಿಂದೆ ಬಿದ್ದ ಹುಡುಗ ಡೊಳ್ಳಿನ ತಂಡದಲ್ಲಿ ಮುಂದಿರಬಹುದು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ತಂದೆ-ತಾಯಿಯಲ್ಲದ, ಶಿಕ್ಷಕರಲ್ಲದ ಒಬ್ಬ ದೊಡ್ಡವರ ಪರಿಚಯವಾಗುತ್ತದೆ. ಮನೆಯಲ್ಲಿ ಹೇಳಲಾಗದ ಮಾತನ್ನು ಮಗು ಅವರ ಮುಂದೆ ಹೇಳಬಹುದು.

ಇಂಗಳೇಶ್ವರದವರಿಗೆ ಇದು ಹೊಸ ಮಾತಲ್ಲ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು ಇದು. ಬಾಲಕ ಬಸವಣ್ಣನವರು ಮನೆಯವರ ಮಾತಿಗೆ ಒಪ್ಪದೆ ಹೊರಟಾಗ ಅಕ್ಕ ನಾಗಮ್ಮ ಅವರ ಬೆನ್ನಿಗಿದ್ದರು, ಕೂಡಲಸಂಗಮದಲ್ಲಿ ಗುರುಗಳು ಆಶ್ರಯ ಕೊಟ್ಟರು ಎಂದು ಪರಂಪರೆ ಹೇಳುತ್ತದೆ. ಮನೆಯೊಳಗೆ ಒಬ್ಬರು, ಮನೆಯ ಹೊರಗೆ ಒಬ್ಬರು. ಮನಸ್ಸು ಕದಡಿದ ಯಾವ ಮಗುವಿಗೂ ಕನಿಷ್ಠ ಇಷ್ಟು ಬೇಕು.

ನಡೆಸಿ ನೋಡಿದವರ ಅನುಭವ

ಕೇವಲ ಗುಂಪು ಕಟ್ಟಿದರೆ ಸಾಕೇ? ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಉತ್ತರವಿದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಎಂಬ ಸಂಸ್ಥೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ "ಸಮತಾ" ಎಂಬ ಯೋಜನೆ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ತಡೆಯುವುದು ಅದರ ಗುರಿ. ಹುಡುಗಿಯರ ಗುಂಪು, ಹುಡುಗರ ಗುಂಪು, ಪಾಲಕರೊಡನೆ ಮಾತುಕತೆ, ಶಾಲಾ ಸಮಿತಿಗಳ ಜೊತೆ ಕೆಲಸ ಎಲ್ಲವೂ ಅದರಲ್ಲಿದ್ದವು. 80 ಹಳ್ಳಿಗಳಲ್ಲಿ ಅರ್ಧದಲ್ಲಿ ಯೋಜನೆ ನಡೆಸಿ, ಉಳಿದ ಅರ್ಧದೊಡನೆ ಹೋಲಿಸಿ ನೋಡಲಾಯಿತು. 2017ರಲ್ಲಿ ಕೊನೆಯ ಲೆಕ್ಕ ನೋಡಿದಾಗ, ಶಾಲೆ ಮುಂದುವರಿಸುವ ವಿಷಯದಲ್ಲಿ ಎರಡೂ ಬಗೆಯ ಹಳ್ಳಿಗಳ ನಡುವೆ ಒಟ್ಟಾರೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಬಡತನ, ದೂರದ ಶಾಲೆ, ಮದುವೆಯ ಪದ್ಧತಿ ಇವುಗಳ ಬೇರು ಆಳವಾಗಿವೆ. ವಾರಕ್ಕೊಂದು ಸಭೆಯಿಂದ ಅವು ಸುಲಭವಾಗಿ ಸಡಿಲವಾಗುವುದಿಲ್ಲ.

ಇದೇ ಕಾಲದಲ್ಲಿ ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ "ಸೆಹರ್" ಎಂಬ ಇನ್ನೊಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಕ್ಕಳು ಹೆಸರು ಹೇಳದೆ ತಮ್ಮ ಕಷ್ಟ ಬರೆದು ಹಾಕುವ ಪೆಟ್ಟಿಗೆ, ಗೋಡೆ ಪತ್ರಿಕೆ, ಸ್ಪರ್ಧೆಗಳು, ಮಕ್ಕಳೂ ಸದಸ್ಯರಾಗಿರುವ ಸಮಿತಿ, ಇವು ಅದರ ಸಾಮಗ್ರಿಯಲ್ಲಿದ್ದವು. ಕೆಲವು ಶಾಲೆಗಳಲ್ಲಿ ಇದನ್ನು ಶಿಕ್ಷಕರಿಗೆ ವಹಿಸಿದರು. ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಕೊಟ್ಟ ಒಬ್ಬ ಸಾಮಾನ್ಯ ವ್ಯಕ್ತಿಯನ್ನು ನೇಮಿಸಿದರು. ಬೇರೆ ವ್ಯಕ್ತಿ ನಡೆಸಿದ ಶಾಲೆಗಳಲ್ಲಿ ಖಿನ್ನತೆ ಕಡಿಮೆಯಾಯಿತು, ಪೀಡಿಸುವುದು ಕಡಿಮೆಯಾಯಿತು, ಶಾಲೆಯ ವಾತಾವರಣವೇ ಸುಧಾರಿಸಿತು. ಶಿಕ್ಷಕರಿಗೆ ವಹಿಸಿದ ಕಡೆ ಅಂತಹ ಫಲ ಕಾಣಲಿಲ್ಲ.

ಈ ಎರಡು ಅನುಭವಗಳನ್ನು ಜೊತೆಗಿಟ್ಟು ನೋಡಿದರೆ ನಮಗೆ ಒಂದು ಪಾಠ ಸಿಗುತ್ತದೆ. ಫಲಕ, ಉದ್ಘಾಟನೆ, ಭಾಷಣಗಳಿಂದ ಮಗುವಿನ ಭಾರ ಇಳಿಯುವುದಿಲ್ಲ. ಮಕ್ಕಳಿಗಾಗಿ ಸಮಯವಿರುವ, ಅವರ ಮಾತು ಕೇಳುವ ಒಬ್ಬರು ವಾರ ವಾರವೂ ತಪ್ಪದೆ ಅಲ್ಲಿರಬೇಕು. ಜೊತೆಗೆ ಮನೆಯ ಕಷ್ಟಕ್ಕೆ ಬೇರೆ ದಾರಿಯನ್ನೂ ಹುಡುಕಬೇಕು.

ನಮ್ಮ ಊರಿನಲ್ಲಿ ಏನು ಮಾಡಬಹುದು?

ಇದಕ್ಕೆ ಹೊಸ ಕಟ್ಟಡ ಬೇಡ. ಇರುವುದನ್ನೇ ಮಕ್ಕಳಿಗೆ ತೆರೆದರೆ ಸಾಕು.

1. ವಚನ ಶಿಲಾಮಂಟಪ. ಇಂಗಳೇಶ್ವರದಲ್ಲಿ ಕಲ್ಲಿನಲ್ಲಿ ಕೊರೆದ ವಚನಗಳನ್ನು ನೋಡಲು ಹೊರಗಿನ ಜನ ಬರುತ್ತಾರೆ. ರಜೆಯ ದಿನಗಳಲ್ಲಿ ಇಬ್ಬಿಬ್ಬರು ಮಕ್ಕಳು ಬಂದವರಿಗೆ ವಿವರಿಸಲಿ. ಇಂದು ಒಬ್ಬರು, ನಾಳೆ ಇನ್ನೊಬ್ಬರು. ಸಭಾಕಂಪದ ಮಗುವಿಗೆ ಮೊದಲು ಜೊತೆಯಲ್ಲಿ ನಿಲ್ಲುವ ಕೆಲಸ ಕೊಡಿರಿ, ಮಾತು ತಾನಾಗಿ ಬರುತ್ತದೆ.

2. ಗ್ರಾಮ ಪಂಚಾಯಿತಿ ಗ್ರಂಥಾಲಯ. ಇದೀಗ ಇವನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರ ನವೆಂಬರಿನಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಒಂಬತ್ತನೆಯ ತರಗತಿಯವರು ಚಿಕ್ಕ ಮಕ್ಕಳಿಗೆ ವಾರಕ್ಕೊಂದು ಸಂಜೆ ಕಥೆ ಓದಿ ಹೇಳಲಿ. ಕಲಿಸುವವನಿಗೆ ತಾನು ದಡ್ಡನಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

3. ಮಕ್ಕಳ ಗ್ರಾಮಸಭೆ. ಪಂಚಾಯಿತಿಗಳು ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು. ಶೌಚಾಲಯದ ಬಾಗಿಲು, ಶಾಲೆಯ ದಾರಿಯ ದೀಪ, ಬಸ್ಸಿನ ಹೊತ್ತು ಇಂತಹ ಬೇಡಿಕೆಗಳನ್ನು ಮಕ್ಕಳೇ ಬರೆದು ತರಲಿ. ಏನಾಯಿತೆಂದು ಮೂರು ತಿಂಗಳಿಗೆ ಉತ್ತರ ಹೇಳುವುದು ಹಿರಿಯರ ಕರ್ತವ್ಯ. ಒಂದು ದೀಪ ಹತ್ತಿದರೂ "ನನ್ನ ಮಾತಿಗೆ ಬೆಲೆಯಿದೆ" ಎಂದು ಮಗು ಕಲಿಯುತ್ತದೆ.

4. ಜಾತ್ರೆ ಮತ್ತು ದಾಸೋಹ. ಶ್ರಾವಣದಲ್ಲಿ ಬಾಗೇವಾಡಿಯ ಮೂಲ ನಂದೀಶ್ವರ ಜಾತ್ರೆ ಇರಲಿ, ಊರಿನ ಜಾತ್ರೆ ಇರಲಿ, ಕುಡಿಯುವ ನೀರಿನ ವ್ಯವಸ್ಥೆ, ತಪ್ಪಿಸಿಕೊಂಡ ಮಕ್ಕಳ ನೆರವು, ಕಸ ವಿಲೇವಾರಿ ಇವುಗಳ ಒಂದು ಪಾಲನ್ನು ಹದಿಹರೆಯದವರಿಗೆ ಪೂರ್ತಿಯಾಗಿ ಒಪ್ಪಿಸಿರಿ. "ಲೋಟ ಎತ್ತು" ಎಂದು ಹೇಳುವುದಕ್ಕೂ "ನೀರಿನ ಜವಾಬ್ದಾರಿ ನಿನ್ನದು" ಎಂದು ಹೇಳುವುದಕ್ಕೂ ಬಹಳ ಅಂತರವಿದೆ.

5. ಆಟ ಮತ್ತು ಹಾಡು. ಕಬಡ್ಡಿ, ಖೋಖೋ, ಗರಡಿಮನೆ, ಭಜನಾ ಮಂಡಳಿ, ಡೊಳ್ಳಿನ ಮೇಳ. ಹೆಣ್ಣುಮಕ್ಕಳಿಗೂ ಮೈದಾನದ ಒಂದು ಹೊತ್ತನ್ನು ಗೊತ್ತು ಮಾಡಿ, ಆ ಹೊತ್ತಿನಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ಅಲ್ಲಿರುವಂತೆ ನೋಡಿಕೊಳ್ಳಿರಿ.

6. ಗುಳೆ ಹೋದವರ ಮನೆ. ತಂದೆ-ತಾಯಿ ಇಲ್ಲದ ಮನೆಯ ಮಕ್ಕಳನ್ನು ಓಣಿಯ ಒಂದು ಕುಟುಂಬ ವಾರಕ್ಕೆರಡು ಸಲ ವಿಚಾರಿಸಲಿ. ಸ್ತ್ರೀಶಕ್ತಿ ಸಂಘದವರು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು.

ಯಾವ ಕೆಲಸವಾದರೂ ನಾಲ್ಕು ಮಾತು ನೆನಪಿರಲಿ: ಗೊತ್ತಾದ ದಿನ, ಗೊತ್ತಾದ ಕೆಲಸ, ಜೊತೆಗೊಬ್ಬ ಗೆಳೆಯ, ಕೇಳುವವರೊಬ್ಬರು. ಬಾರದೆ ಇದ್ದ ಮಗುವನ್ನು "ಯಾಕೆ ಬರಲಿಲ್ಲ?" ಎಂದು ಗದರಿಸುವ ಬದಲು "ನೀನಿಲ್ಲದೆ ಕೆಲಸ ನಿಂತಿತ್ತು" ಎಂದು ಕರೆಯುವವರು ಬೇಕು.

ಎಚ್ಚರಿಕೆಗಳು

ಸೇವೆಯ ಹೆಸರಿನಲ್ಲಿ ಮಕ್ಕಳ ಮೇಲೆ ಇನ್ನೊಂದು ಹೊರೆ ಬೀಳಬಾರದು. ಮನೆಗೆಲಸದಿಂದ ಬಸವಳಿದ ಹುಡುಗಿಗೆ ಊರಿನ ಕೆಲಸವನ್ನೂ ಹಚ್ಚಿದರೆ ಅದು ಉಪಚಾರವಲ್ಲ. ಮೊದಲು ಅವಳ ಮನೆಗೆಲಸವನ್ನು ಅಣ್ಣ-ತಮ್ಮಂದಿರು ಹಂಚಿಕೊಳ್ಳಬೇಕು. ವಾರಕ್ಕೆ ಎರಡು-ಮೂರು ಗಂಟೆ ಸಾಕು. ಪರೀಕ್ಷೆಯ ತಿಂಗಳಲ್ಲಿ ಬಿಡುವು ಕೊಡಿರಿ, ಆದರೆ ಪೂರ್ತಿ ಬಿಡಿಸಬೇಡಿರಿ.

ಜಾತಿ ನೋಡಿ ಕೆಲಸ ಹಂಚಬಾರದು. ಕಸ ಗುಡಿಸಲು ಒಂದು ಓಣಿಯ ಮಕ್ಕಳು, ವೇದಿಕೆಗೆ ಇನ್ನೊಂದು ಓಣಿಯ ಮಕ್ಕಳು ಎಂದಾದರೆ ಒತ್ತಡ ಇಳಿಯುವ ಬದಲು ಏರುತ್ತದೆ.

ಮಗು ನಂಬಿ ಹೇಳಿದ ಮಾತು ಕಟ್ಟೆಯ ಮೇಲಿನ ಹರಟೆಯಾಗಬಾರದು. ಜೀವಕ್ಕೆ ಅಪಾಯವಿದ್ದಾಗ, ಯಾರಾದರೂ ಮಗುವಿಗೆ ಕೆಟ್ಟದ್ದು ಮಾಡುತ್ತಿದ್ದಾಗ ಮಾತ್ರ ಅದನ್ನು ಸಂಬಂಧಪಟ್ಟವರಿಗೆ ತಿಳಿಸಬೇಕು.

ಕೊನೆಯದಾಗಿ, ಊರಿನ ಕೆಲಸ ಚಿಕಿತ್ಸೆಗೆ ಬದಲಿ ಅಲ್ಲ. ಖಿನ್ನತೆ ಗಟ್ಟಿಯಾಗಿದ್ದರೆ ಆಪ್ತಸಮಾಲೋಚನೆ ಬೇಕು, ಕೆಲವೊಮ್ಮೆ ಔಷಧಿಯೂ ಬೇಕು. ದೇವರ ಹರಕೆಯ ಜೊತೆ ವೈದ್ಯರನ್ನೂ ಕಾಣಿರಿ.

ಮಕ್ಕಳೇ, ನಿಮಗೊಂದು ಮಾತು

ಇದನ್ನು ಓದುತ್ತಿರುವ ನಿನಗೆ ಮನಸ್ಸು ಭಾರವಾಗಿದ್ದರೆ ಅದು ನಿನ್ನ ತಪ್ಪಲ್ಲ, ಹೇಡಿತನವೂ ಅಲ್ಲ. ನಂಬಿಕೆಯ ಒಬ್ಬರಿಗೆ ಹೇಳು. ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳು. ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವುದಿಲ್ಲ: ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿಯುಸಿಯಲ್ಲಿ 2024ರಿಂದ ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ಬಂದಿದೆ, ಅದೇ ವರ್ಷ ಮತ್ತೆ ಬರೆಯಬಹುದು. ದಿನಕ್ಕೊಂದು ಗಂಟೆ ಮೈದಾನಕ್ಕೆ ಹೋಗು. ಮಲಗುವ ಒಂದು ಗಂಟೆ ಮೊದಲು ಮೊಬೈಲ್ ದೂರ ಇಡು. ಎದೆ ಡವಗುಟ್ಟಿದಾಗ ನಾಲ್ಕು ಎಣಿಸುತ್ತ ಉಸಿರು ಎಳೆದುಕೊಂಡು ಆರು ಎಣಿಸುತ್ತ ನಿಧಾನವಾಗಿ ಬಿಡು, ಐದು ನಿಮಿಷ ಹೀಗೆ ಮಾಡು. ನಿನ್ನ ಗೆಳೆಯನೊಬ್ಬ ಸಾಯುವ ಮಾತಾಡಿದರೆ ಗುಟ್ಟಾಗಿ ಇಡಬೇಡ. ಅವನು ಸಿಟ್ಟಾದರೂ ಚಿಂತೆಯಿಲ್ಲ, ದೊಡ್ಡವರಿಗೆ ಹೇಳು.

ತುರ್ತು ಸಂದರ್ಭದಲ್ಲಿ

ಒಕ್ಕಲುತನದ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಕೈಗೆ ಸಿಗುವಂತೆ ಇರುತ್ತದೆ. ಸಾಯುವ ಯೋಚನೆ ಬಹಳ ಸಲ ಕೆಲವೇ ಹೊತ್ತಿನ ಬಿರುಗಾಳಿ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಆದ್ದರಿಂದ ಇಂದೇ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಬೀಗದ ಕೈ ಹಿರಿಯರ ಬಳಿ ಇರಲಿ. ಉಳಿದ ಔಷಧವನ್ನು ಮನೆಯೊಳಗೆ ಇಡಬೇಡಿರಿ.

ಮಗು ವಿಷ ಕುಡಿದಿದೆ ಎಂಬ ಸಂಶಯ ಬಂದರೂ ವಾಂತಿ ಮಾಡಿಸಲು ಹೋಗಬೇಡಿರಿ, ಉಪ್ಪುನೀರು ಕುಡಿಸಬೇಡಿರಿ. ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಬನ್ನಿರಿ. ಪೊಲೀಸ್ ಕೇಸಿನ ಭಯದಿಂದ ತಡಮಾಡಬೇಡಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಹೀಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರೆಂದೇ ಪರಿಗಣಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ.

ನೆನಪಿಡಬೇಕಾದ ಸಂಖ್ಯೆಗಳು:

ಟೆಲಿ ಮಾನಸ್ - 14416. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲು-ರಾತ್ರಿ ಕನ್ನಡದಲ್ಲಿ ಮಾತಾಡಬಹುದು.
ಮಕ್ಕಳ ಸಹಾಯವಾಣಿ - 1098. ಬಾಲ್ಯವಿವಾಹ, ಹಿಂಸೆ, ದುಡಿತದ ದೂರುಗಳಿಗೆ.
ಆಂಬುಲೆನ್ಸ್ - 108.

ಹತ್ತಿರದ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹದಿಹರೆಯದವರ ಸ್ನೇಹ ಕ್ಲಿನಿಕ್ ಯಾವ ದಿನ, ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಯಾವ ದಿನ ಎಂಬುದು ತಿಳಿಯುತ್ತದೆ. ನಮ್ಮ ಹೊರರೋಗಿ ವಿಭಾಗಕ್ಕೆ ಬಂದಾಗಲೂ ಸಂಕೋಚವಿಲ್ಲದೆ ಕೇಳಿರಿ.

ಪಾಲಕರೇ, ಈ ಕರಪತ್ರವನ್ನು ಮಡಚಿ ಇಡುವ ಮೊದಲು ಒಂದು ಕೆಲಸ ಮಾಡಿರಿ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಅಂಕದ ಮಾತು ತೆಗೆಯದೆ ಮಗುವಿಗೆ ಒಂದೇ ಪ್ರಶ್ನೆ ಕೇಳಿರಿ: "ಇವತ್ತು ನಿನಗೆ ಹೇಗಿತ್ತು?" ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರಿ. ಮೊದಲ ದಿನ ಬಾರದಿದ್ದರೆ ಮರುದಿನವೂ ಕೇಳಿರಿ.